ಒಂಬತ್ತು ಗಂಟೆ ಅಂದರೆ ಎಷ್ಟು ಹೊತ್ತಿಗೆ? ಎಫ್‌ಎಎಸ್‌ಡಿ ಇರುವ, ಮನೆಯಿಲ್ಲದವರ ಜತೆ ಕೆಲಸ ಮಾಡಿದವರು ಇದ್ದೀರಾ?

ಹಿಮದೂರಿನ_ಹಾಸನದವಳು

ಎಲ್ಲರಿಗೂ ನಮಸ್ಕಾರ. ನಾನು ಕೆನಡಾದ ವಿನ್ನಿಪೆಗ್‌ನಲ್ಲಿದ್ದೇನೆ. ಮನೆಯಿಲ್ಲದವರಿಗೆ ರಾತ್ರಿ ಮಲಗಲು ಜಾಗ ಕೊಡುವ ಒಂದು ಶೆಲ್ಟರ್‌ನಲ್ಲಿ ಮೂರು ವರ್ಷದಿಂದ ರಾತ್ರಿ ಪಾಳಿ ಮಾಡುತ್ತಿದ್ದೇನೆ. ಒಂದು ವಿಷಯ ನಾಲ್ಕು ದಿನದಿಂದ ತಲೆ ತಿನ್ನುತ್ತಿದೆ.

ನಮ್ಮಲ್ಲಿಗೆ ಬರುವ ಒಬ್ಬ ಹುಡುಗ. ಇಪ್ಪತ್ತು ದಾಟಿದೆ. ಎಫ್‌ಎಎಸ್‌ಡಿ ಇದೆ ಎಂದು ಚಿಕ್ಕವನಿದ್ದಾಗಲೇ ಡಾಕ್ಟರು ಬರೆದುಕೊಟ್ಟಿದ್ದಾರೆ. ತಾಯಿಯ ಹೊಟ್ಟೆಯಲ್ಲಿದ್ದಾಗಲೇ ಆಲ್ಕೋಹಾಲ್ ತಗುಲಿ ಮೆದುಳಿಗೆ ಆದ ಪೆಟ್ಟು ಅದು. ಶೆಲ್ಟರ್ ನಿಯಮ ಏನೆಂದರೆ, ರಾತ್ರಿ ಒಂಬತ್ತರೊಳಗೆ ಬರಬೇಕು. ತಡವಾದರೆ ಹಾಸಿಗೆ ಬೇರೆಯವರಿಗೆ. ಮೂರು ಸಲ ತಪ್ಪಿದರೆ ಏಳು ದಿನ ಒಳಗೆ ಸೇರಿಸುವುದಿಲ್ಲ. ಹೋದ ವಾರ ಅವನು ಮೂರನೇ ಸಲ ತಡವಾಗಿ ಬಂದ, ಒಂಬತ್ತೂ ನಲವತ್ತಕ್ಕೆ. ಹೊರಗೆ ಮೈನಸ್ 31.

ಜತೆಗಿದ್ದವರು "ಅವನಿಗೆ ನಿಯಮ ಚೆನ್ನಾಗಿ ಗೊತ್ತು, ಬೇಕಾದರೆ ಕೇಳಿ ನೋಡು" ಅಂದರು. ಕೇಳಿದೆ. ಒಂದಕ್ಷರ ಬಿಡದೆ ಒಪ್ಪಿಸಿದ. ಆಮೇಲೆ ನಾನು ಸುಮ್ನೆ ಕೇಳಿದೆ, "ಒಂಬತ್ತು ಗಂಟೆ ಅಂದರೆ ಎಷ್ಟು ಹೊತ್ತಿಗೆ?" ಗೋಡೆ ಗಡಿಯಾರ ನೋಡಿದ, ನನ್ನ ಮುಖ ನೋಡಿದ. "ಕತ್ತಲಾಗುವ ಹೊತ್ತಿಗೆ" ಅಂದ. ಇವನು ನಮ್ಮಲ್ಲಿಗೆ ಮೊದಲು ಬಂದದ್ದು ಜೂನ್‌ನಲ್ಲಿ. ಆಗ ಇಲ್ಲಿ ಕತ್ತಲಾಗುವುದೇ ಒಂಬತ್ತೂವರೆ ಮೇಲೆ. ಈಗ ಜನವರಿ, ಐದೂವರೆಗೆಲ್ಲ ಕತ್ತಲು. ಅವನಿಗೆ ಆಗ ಕೆಲಸ ಮಾಡುತ್ತಿದ್ದ ಗಡಿಯಾರವೇ ಈಗ ಇಲ್ಲ.

ಅವನನ್ನು ಆ ರಾತ್ರಿ ಬೇರೆ ಕಡೆ ಕಳಿಸಲು ಎರಡು ಗಂಟೆ ಫೋನ್ ಮಾಡಿದೆ. ಜಾಗ ಸಿಕ್ಕಿತು. ಆದರೆ ಪ್ರತಿ ಸಲ ಸಿಗುವುದಿಲ್ಲ. ಇಂಥವರ ಜತೆ ಕೆಲಸ ಮಾಡಿದವರು ಯಾರಾದರೂ ಇದ್ದರೆ ಹೇಳಿ, ಏನು ಮಾಡಿದಿರಿ? ಕನ್ನಡದಲ್ಲಿ ಕೇಳುತ್ತಿದ್ದೇನೆ, ಯಾಕೆಂದರೆ ಈ ಸಂಕಟ ನನ್ನ ಭಾಷೆಯಲ್ಲಿ ಹೇಳಿಕೊಳ್ಳಬೇಕು ಅನಿಸಿತು. ಊರಿಗೆ ಫೋನ್ ಮಾಡಿದರೆ "ಕುಡುಕರ ಚಾಕರಿ ಮಾಡೋಕೆ ಅಷ್ಟು ದೂರ ಹೋದೆಯಾ" ಅನ್ನುತ್ತಾರೆ.

ಬೆಳಗಾವಿ_ಬಸು

ಈ ಎಫ್‌ಎಎಸ್‌ಡಿ ಮೊದಲ ಸಲ ಕೇಳುತ್ತಿದ್ದೇನೆ ಅಕ್ಕಾ. ಹುಡುಗ ಕುಡಿಯುತ್ತಾನಾ, ಅಥವಾ ಬರೀ ತಾಯಿ ಕುಡಿದದ್ದಕ್ಕೇ ಹೀಗಾ?

ಹಿಮದೂರಿನ_ಹಾಸನದವಳು

ಅವನು ಕುಡಿಯುವುದೇ ಇಲ್ಲ. ವಾಸನೆ ಬಂದರೆ ಎದ್ದು ಹೋಗುತ್ತಾನೆ.

ಮಕ್ಕಳಡಾಕ್ಟರ್_ಮೈಸೂರು

ಸ್ವಲ್ಪ ಬಿಡಿಸಿ ಹೇಳುತ್ತೇನೆ. ಪೂರ್ತಿ ಹೆಸರು ಫೀಟಲ್ ಆಲ್ಕೋಹಾಲ್ ಸ್ಪೆಕ್ಟ್ರಮ್ ಡಿಸಾರ್ಡರ್. ತಾಯಿ ಕುಡಿದ ಆಲ್ಕೋಹಾಲ್ ಹೊಕ್ಕುಳಬಳ್ಳಿ ಮೂಲಕ ನೇರವಾಗಿ ಮಗುವಿಗೆ ಹೋಗುತ್ತದೆ. ಮಗುವಿನ ಲಿವರ್ ಇನ್ನೂ ಎಳಸು, ಅದನ್ನು ಕರಗಿಸಲು ಆಗುವುದಿಲ್ಲ. ಮೆದುಳು ಒಂಬತ್ತು ತಿಂಗಳೂ ಬೆಳೆಯುತ್ತಲೇ ಇರುತ್ತದೆ, ಹಾಗಾಗಿ ಇಂಥ ತಿಂಗಳಲ್ಲಿ ಕುಡಿದರೆ ಪರವಾಗಿಲ್ಲ ಅನ್ನುವ ಹಾಗಿಲ್ಲ. ಇಷ್ಟು ಕುಡಿದರೆ ಸೇಫ್ ಅನ್ನುವ ಅಳತೆಯೂ ಇಲ್ಲ.

1968ರಲ್ಲಿ ಫ್ರಾನ್ಸಿನ ನಾಂಟ್ ಊರಿನ ಡಾಕ್ಟರ್ ಪಾಲ್ ಲೆಮ್ವಾನ್ 127 ಮಕ್ಕಳ ಬಗ್ಗೆ ಬರೆದರು. ಯಾರೂ ಜಾಸ್ತಿ ಗಮನ ಕೊಡಲಿಲ್ಲ. 1973ರಲ್ಲಿ ಅಮೆರಿಕದ ಸಿಯಾಟಲ್‌ನಲ್ಲಿ ಜೋನ್ಸ್ ಮತ್ತು ಸ್ಮಿತ್ ಎಂಬ ಡಾಕ್ಟರುಗಳು ಇದಕ್ಕೆ ಫೀಟಲ್ ಆಲ್ಕೋಹಾಲ್ ಸಿಂಡ್ರೋಮ್ (ಎಫ್‌ಎಎಸ್) ಅಂತ ಹೆಸರು ಕೊಟ್ಟರು. ಕಣ್ಣಿನ ಸೀಳು ಚಿಕ್ಕದು, ಮೇಲ್ದುಟಿ ತೆಳ್ಳಗೆ, ಮೂಗು ತುಟಿಯ ನಡುವಿನ ಗೆರೆ ಸಪಾಟು ಅಂತ ಪುಸ್ತಕದಲ್ಲಿರುತ್ತದೆ. ಆದರೆ ಈ ಮುಖಲಕ್ಷಣ ಇರುವುದು ಹತ್ತರಲ್ಲಿ ಒಬ್ಬರಿಗೂ ಕಡಿಮೆ. ಉಳಿದವರು ನೋಡಲು ನಮ್ಮ ನಿಮ್ಮ ಹಾಗೇ ಇರುತ್ತಾರೆ. ತೊಂದರೆ ಶುರುವಾಗುವುದೇ ಅಲ್ಲಿ. ಕೈ ಮುರಿದವನಿಗೆ ಮೂಟೆ ಹೊರು ಅಂತ ಯಾರೂ ಹೇಳುವುದಿಲ್ಲ, ಅಲ್ವಾ? ಮೆದುಳಿನ ಪೆಟ್ಟು ಕಾಣಿಸುವುದಿಲ್ಲ, ಹಾಗಾಗಿ ಅವನಿಗೆ ಬೈಯುತ್ತೇವೆ.

ಗಣಿತಮೇಷ್ಟ್ರು

ತಾಯೀ, ನಿಮ್ಮ ಅಂತಃಕರಣ ದೊಡ್ಡದು. ಆದರೆ ನೇರವಾಗಿ ಹೇಳುತ್ತೇನೆ. ಶೆಲ್ಟರ್‌ನಲ್ಲಿ ಇನ್ನೂ ನೂರು ಜನ ಇರುತ್ತಾರೆ. ಒಬ್ಬನಿಗೆ ನಿಯಮ ಸಡಿಲ ಮಾಡಿದರೆ ಉಳಿದವರು ಕೇಳುವುದಿಲ್ಲವೇ? ನಾನು 34 ವರ್ಷ ಶಾಲೆಯಲ್ಲಿ ಕಲಿಸಿದವನು. ನಿಯಮವನ್ನು ಬಾಯಲ್ಲಿ ಒಪ್ಪಿಸುವವನಿಗೆ ಪಾಲಿಸಲು ಬರುವುದಿಲ್ಲ ಅಂದರೆ ಅದು ಉಡಾಫೆ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಅಂತ ಹಿರಿಯರು ಸುಮ್ನೆ ಹೇಳಲಿಲ್ಲ.

ನೇಸರು

ಮೇಷ್ಟ್ರೇ, ಆ ಗಿಡದ ಬೇರಿಗೇ ಪೆಟ್ಟು ಬಿದ್ದಿದೆ ಅಂತ ಡಾಕ್ಟರ್ ಈಗಷ್ಟೇ ಹೇಳಿದರಲ್ಲ.

ಎಡ್ಮಂಟನ್_ಅಕ್ಕ

ಹಾಸನದವರೇ, ನಾನು ಕೆನಡಾದ ಆಲ್ಬರ್ಟಾ ಪ್ರಾಂತ್ಯದಲ್ಲಿದ್ದೇನೆ. ಹನ್ನೊಂದು ವರ್ಷದಿಂದ ಎಫ್‌ಎಎಸ್‌ಡಿ ಇರುವ ದೊಡ್ಡವರ ಜತೆ ಕೆಲಸ. ನೀವು ಕೇಳಿದ "ಎಷ್ಟು ಹೊತ್ತಿಗೆ" ಅನ್ನುವ ಪ್ರಶ್ನೆ ಕೇಳಲು ನನಗೆ ಎರಡು ವರ್ಷ ಬೇಕಾಯಿತು.

ಇಲ್ಲಿ ನಮಗೆ ತರಬೇತಿಯಲ್ಲಿ ಒಂದು ಚಿತ್ರ ತೋರಿಸುತ್ತಾರೆ. ಹದಿನೆಂಟು ವರ್ಷದ ಹುಡುಗ. ಮೈ ಹದಿನೆಂಟರದ್ದೇ. ಮಾತು ಇಪ್ಪತ್ತು ವರ್ಷದವನದ್ದು. ಆದರೆ ಹೇಳಿದ್ದು ಅರ್ಥವಾಗುವುದು ಆರು ವರ್ಷದ ಮಗುವಿನಷ್ಟು, ದುಡ್ಡು ಮತ್ತು ಸಮಯದ ಲೆಕ್ಕ ಎಂಟು ವರ್ಷದ ಮಗುವಿನಷ್ಟು. ಎಲ್ಲರಿಗೂ ಇದೇ ಲೆಕ್ಕ ಅಲ್ಲ, ಒಬ್ಬೊಬ್ಬರದು ಒಂದೊಂದು ಥರ. ಆದರೆ ಮಾತಿಗೂ ತಿಳಿವಳಿಕೆಗೂ ಇರುವ ಆ ಅಂತರ ಹೆಚ್ಚಿನವರಲ್ಲಿ ನೋಡಿದ್ದೇನೆ. ಮಾತು ಚುರುಕು, ಹಾಗಾಗಿ ಎಲ್ಲರೂ ಮೋಸ ಹೋಗುತ್ತಾರೆ. ಮೇಷ್ಟ್ರು ಹೇಳಿದ "ಬಾಯಲ್ಲಿ ಒಪ್ಪಿಸುತ್ತಾನೆ" ಅನ್ನುವುದು ಇದೇ. ಒಪ್ಪಿಸುವುದು ಒಂದು ಕೆಲಸ. ಅದನ್ನು ಬೇಕಾದ ಹೊತ್ತಿಗೆ ನೆನಪು ಮಾಡಿಕೊಂಡು, ಈಗ ಎಷ್ಟು ಗಂಟೆ ಅಂತ ನೋಡಿ, ಬಸ್ಸಿಗೆ ಎಷ್ಟು ಹೊತ್ತು ಬೇಕು ಅಂತ ಲೆಕ್ಕ ಹಾಕಿ, ಮಾತಾಡುತ್ತಿರುವ ಗೆಳೆಯನನ್ನು ಬಿಟ್ಟು ಎದ್ದು ಬರುವುದು ಬೇರೆಯೇ ಐದಾರು ಕೆಲಸ. ಪೆಟ್ಟು ಬಿದ್ದಿರುವುದು ಅಲ್ಲಿ.

ಡಯೇನ್ ಮಾಲ್ಬಿನ್ ಅನ್ನುವವರು ಇದನ್ನು ಒಂದೇ ಮಾತಲ್ಲಿ ಹೇಳಿದ್ದಾರೆ. ಇನ್ನೂ ಗಟ್ಟಿಯಾಗಿ ಪ್ರಯತ್ನ ಮಾಡಬೇಡಿ, ಬೇರೆ ಥರ ಪ್ರಯತ್ನ ಮಾಡಿ ಅಂತ. ನಾನು ಏನು ಮಾಡುತ್ತೇನೆ ಅಂದರೆ:

ಒಂದು ಸಲಕ್ಕೆ ಒಂದೇ ಮಾತು. "ಸ್ನಾನ ಮಾಡಿ, ಬಟ್ಟೆ ಹಾಕಿ, ಆಫೀಸಿಗೆ ಬಾ" ಅಂದರೆ ಮೂರರಲ್ಲಿ ಒಂದು ಉಳಿಯುತ್ತದೆ, ಯಾವುದು ಅಂತ ಹೇಳಲಾಗದು. "ಸರಿಯಾಗಿರು", "ಜವಾಬ್ದಾರಿ ಇರಲಿ" ಇಂಥ ಮಾತು ಬೇಡವೇ ಬೇಡ. ಏನು ಮಾಡಬೇಕೋ ಅದನ್ನೇ ಹೇಳಿ. ಮಾಡಬಾರದ್ದನ್ನು ಹೇಳಿದರೆ ತಲೆಯಲ್ಲಿ ಉಳಿಯುವುದು ಅದೇ.

ಟ್ಯೂಬ್‌ಲೈಟಿನ ಗುಂಯ್ ಸದ್ದು, ಜನರ ಗದ್ದಲ, ಫಿನಾಯಿಲ್ ವಾಸನೆ, ಇವೆಲ್ಲ ಕೆಲವರಿಗೆ ತಡೆಯಲಾಗುವುದಿಲ್ಲ. ಶೆಲ್ಟರ್ ಅಂದರೆ ಈ ಮೂರೂ. ಜಗಳ ಆಗುವುದು ಅದಕ್ಕೇ, ಕೆಟ್ಟ ಬುದ್ಧಿಯಿಂದ ಅಲ್ಲ. ಮೂಲೆಯ ಹಾಸಿಗೆ ಕೊಟ್ಟು ನೋಡಿ.

ಒಂಬತ್ತು ಅಂತ ಹೇಳಬೇಡಿ. ಅವನು ಸಂಜೆ ಎಲ್ಲಿರುತ್ತಾನೆ ಅಂತ ನೋಡಿ. ಆ ಜಾಗದಲ್ಲಿ, ಆ ಹೊತ್ತಿಗೆ, "ಈಗ ಹೊರಡು" ಅನ್ನುವ ಒಂದು ಗುರುತು ಬೇಕು.

ಬೆಳಗಾವಿ_ಬಸು

ಇದನ್ನು ಪ್ರಿಂಟ್ ತೆಗೆದು ಇಟ್ಟುಕೊಳ್ಳುತ್ತೇನೆ. ನನ್ನ ಅಕ್ಕನ ಮಗನಿಗೆ ಈ ಕಾಯಿಲೆ ಇಲ್ಲ, ಆದರೂ ಒಂದು ಸಲಕ್ಕೆ ಒಂದೇ ಮಾತು ಅನ್ನುವುದು ಮನೆಯಲ್ಲೂ ಬೇಕು.

ಖಾರಾಬೂಂದಿ

ಎಲ್ಲ ಸರಿ, ತಪ್ಪು ಮಾಡಿದ್ದು ಯಾರು? ತಾಯಿ. ಅವಳನ್ನು ಯಾಕೆ ಯಾರೂ ಕೇಳುವುದಿಲ್ಲ? ಗರ್ಭಿಣಿ ಕುಡಿದರೆ ಒಳಗೆ ಹಾಕಬೇಕು. ಎರಡು ಕೇಸ್ ಆದರೆ ಎಲ್ಲರೂ ನೆಟ್ಟಗಾಗುತ್ತಾರೆ.

ಕರಾವಳಿ_ವಕೀಲ

ಖಾರಾಬೂಂದಿಯವರೇ, ಈ ಪ್ರಶ್ನೆ ಕೋರ್ಟಿಗೆ ಹೋಗಿದೆ, ಅದೂ ವಿನ್ನಿಪೆಗ್‌ನಿಂದಲೇ. ಗರ್ಭಿಣಿಯೊಬ್ಬಳು ಅಂಟು ಮೂಸುವ ಚಟಕ್ಕೆ ಬಿದ್ದಿದ್ದಳು. ಅವಳನ್ನು ಬಲವಂತವಾಗಿ ಚಿಕಿತ್ಸೆಗೆ ಸೇರಿಸಬೇಕು ಅಂತ ಮಕ್ಕಳ ಇಲಾಖೆ ಕೇಳಿತು. 1997ರಲ್ಲಿ ಕೆನಡಾ ಸುಪ್ರೀಂ ಕೋರ್ಟ್ ಆಗದು ಅಂದಿತು. ಕಾನೂನಿನ ಮಾತು ಬಿಡಿ, ನೆಲದ ಮಾತು ನೋಡಿ. ಒಳಗೆ ಹಾಕುತ್ತಾರೆ ಅಂದರೆ ಗರ್ಭಿಣಿ ಏನು ಮಾಡುತ್ತಾಳೆ? ಆಸ್ಪತ್ರೆ ಕಡೆ ತಲೆ ಹಾಕುವುದಿಲ್ಲ. ಸಹಾಯ ಸಿಗಬೇಕಾದವಳೇ ಅಡಗಿಕೊಳ್ಳುತ್ತಾಳೆ.

ಮಕ್ಕಳಡಾಕ್ಟರ್_ಮೈಸೂರು

ಇನ್ನೊಂದು ಮಾತು. ಎಷ್ಟೋ ಹೆಂಗಸರಿಗೆ ತಾವು ಬಸುರಿ ಅಂತ ಗೊತ್ತಾಗುವುದೇ ಐದಾರು ವಾರ ಆದ ಮೇಲೆ. ಅಷ್ಟರಲ್ಲಿ ಪಾರ್ಟಿಯಲ್ಲಿ ಕುಡಿದಿರುತ್ತಾರೆ. ಅವರು ಬೇಕಂತ ಮಾಡಿದ್ದಲ್ಲ. ಗಂಡ ಕುಡಿಸಿದ್ದು, ಡಾಕ್ಟರೇ "ಸ್ವಲ್ಪ ವೈನ್ ಪರವಾಗಿಲ್ಲ" ಅಂದದ್ದು, ಇದನ್ನೆಲ್ಲ ಯಾರು ಲೆಕ್ಕ ಹಾಕುತ್ತಾರೆ?

ಖಾರಾಬೂಂದಿ

ಡಾಕ್ಟರೇ ಹೇಳುತ್ತಾರಾ?! ಅದು ಗೊತ್ತಿರಲಿಲ್ಲ. ಆದರೆ ಗೊತ್ತಿದ್ದೂ ಕುಡಿಯುವವರೂ ಇದ್ದಾರೆ, ಅಲ್ವಾ.

ಹಿಮದೂರಿನ_ಹಾಸನದವಳು

ಇದ್ದಾರೆ. ಅಂಥ ಒಬ್ಬ ತಾಯಿಯೂ ನಮ್ಮ ಶೆಲ್ಟರ್‌ಗೆ ಬರುತ್ತಾಳೆ. ಮಗನನ್ನು ಸರಕಾರ ಕರೆದುಕೊಂಡು ಹೋಗಿದೆ. ಅವಳ ಮಾತು ಕೇಳುತ್ತಾ ಕೇಳುತ್ತಾ ನನಗೆ ಹೊಳೆದದ್ದು, ಅವಳಿಗೂ ಎಫ್‌ಎಎಸ್‌ಡಿ ಇರಬಹುದು ಅಂತ. ಯಾರೂ ನೋಡಿಲ್ಲ ಅಷ್ಟೇ. ಅವಳ ತಾಯಿಯನ್ನು ಐದು ವರ್ಷಕ್ಕೇ ಮನೆಯಿಂದ ಎಳೆದು ರೆಸಿಡೆನ್ಷಿಯಲ್ ಶಾಲೆಗೆ, ಅಂದರೆ ಇಲ್ಲಿನ ಮೂಲನಿವಾಸಿ ಮಕ್ಕಳನ್ನು ಮನೆಯವರಿಂದ ದೂರ ಇಡುತ್ತಿದ್ದ ಶಾಲೆಗೆ ಹಾಕಿದ್ದರು. ಯಾರನ್ನು ಒಳಗೆ ಹಾಕುವುದು, ಹೇಳಿ?

ಟೊರಾಂಟೊ_ಟಪಾಲು

ನಾನೂ ಕೆನಡಾದಲ್ಲೇ ಇದ್ದೇನೆ. ಬೇಜಾರು ಮಾಡಿಕೊಳ್ಳಬೇಡಿ, ಇದು ಮುಖ್ಯವಾಗಿ ಇಲ್ಲಿನ ಮೂಲನಿವಾಸಿಗಳ ಸಮಸ್ಯೆ ಅಲ್ವಾ? ಎಲ್ಲರೂ ಹಾಗೇ ಹೇಳುತ್ತಾರೆ.

ಎಡ್ಮಂಟನ್_ಅಕ್ಕ

ಎಲ್ಲರೂ ಹೇಳುತ್ತಾರೆ, ಅದು ತಪ್ಪು. ಕೆನಡಾದಲ್ಲಿ ನೂರಕ್ಕೆ ಸುಮಾರು ನಾಲ್ಕು ಜನರಿಗೆ ಎಫ್‌ಎಎಸ್‌ಡಿ ಇದೆ ಅನ್ನುವುದು ಈಗಿನ ಅಂದಾಜು. ಅದು ಎಲ್ಲ ಜನರನ್ನೂ ಸೇರಿಸಿ. ಆಟಿಸಂಗಿಂತ ಜಾಸ್ತಿ. ಮೂಲನಿವಾಸಿ ಮಗು ಆಸ್ಪತ್ರೆಗೆ ಬಂದರೆ ಡಾಕ್ಟರ್ ಮೊದಲು ಕೇಳುವುದು ಇದನ್ನೇ. ಟೈ ಕಟ್ಟಿದ ವಕೀಲರ ಮಗನಿಗೆ ಎಡಿಎಚ್‌ಡಿ, ಅಂದರೆ ಗಮನ ನಿಲ್ಲದ ತೊಂದರೆ ಅಂತ ಬರೆದು ಕಳಿಸುತ್ತಾರೆ. ಹುಡುಕಿದ ಕಡೆ ಸಿಗುತ್ತದೆ, ಅಷ್ಟೇ.

ಕುಡಿತ ಎಲ್ಲಿಂದ ಬಂತು ಅಂತಲೂ ನೋಡಬೇಕು. ಮಕ್ಕಳನ್ನು ಕಿತ್ತುಕೊಂಡ ಆ ರೆಸಿಡೆನ್ಷಿಯಲ್ ಶಾಲೆಗಳು ನೂರು ವರ್ಷಕ್ಕೂ ಮೀರಿ ನಡೆದವು. ಪೂರ್ತಿ ಮುಚ್ಚಿದ್ದು 1990ರ ದಶಕದಲ್ಲಿ. 2015ರಲ್ಲಿ ಆ ಶಾಲೆಗಳ ಬಗ್ಗೆ ವಿಚಾರಿಸಿದ ಸತ್ಯ ಮತ್ತು ಸಂಧಾನ ಆಯೋಗ 94 ಬೇಡಿಕೆ ಇಟ್ಟಿತಲ್ಲ, ಅದರಲ್ಲಿ 33 ಮತ್ತು 34ನೆಯದು ಎಫ್‌ಎಎಸ್‌ಡಿ ಬಗ್ಗೆಯೇ. ಒಂದು ತಡೆಯುವುದು ಹೇಗೆ ಅಂತ, ಇನ್ನೊಂದು ಕೋರ್ಟು ಜೈಲು ಇವರ ಜತೆ ಹೇಗೆ ನಡೆದುಕೊಳ್ಳಬೇಕು ಅಂತ.

ಮಕ್ಕಳಡಾಕ್ಟರ್_ಮೈಸೂರು

ಲೋಕದಲ್ಲೇ ಅತಿ ಜಾಸ್ತಿ ಕಂಡುಬಂದಿರುವುದು ದಕ್ಷಿಣ ಆಫ್ರಿಕಾದಲ್ಲಿ. ವೆಸ್ಟರ್ನ್ ಕೇಪ್‌ನ ದ್ರಾಕ್ಷಿ ತೋಟಗಳಲ್ಲಿ ಆಳುಗಳಿಗೆ ಕೂಲಿಯ ಒಂದು ಭಾಗವನ್ನು ವೈನ್ ರೂಪದಲ್ಲೇ ಕೊಡುತ್ತಿದ್ದರು, "ಡಾಪ್" ಪದ್ಧತಿ ಅಂತ. ಧಣಿ ಕುಡಿಸಿದ್ದು, ಹೊತ್ತದ್ದು ಆಳಿನ ಮೊಮ್ಮಕ್ಕಳು. ಇಲ್ಲಿ ಜನಾಂಗ ಕಾರಣ ಅಲ್ಲ.

ಟೊರಾಂಟೊ_ಟಪಾಲು

ಸರಿ, ಒಪ್ಪಿದೆ. ಕೇಳಿದ್ದನ್ನು ಹಾಗೇ ಹೇಳಿಬಿಟ್ಟೆ.

ಕಾಫಿತೋಟ

ಡಾಪ್ ಅಂದಾಗ ನಮ್ಮ ಕಡೆ ನೆನಪಾಯಿತು. ತೋಟದ ಲೈನ್ ಮನೆಗಳಲ್ಲಿ ಶನಿವಾರ ಬಟವಾಡೆ. ಭಾನುವಾರ ಸಂಜೆಗೆ ಅರ್ಧ ದುಡ್ಡು ಅಂಗಡಿಯಲ್ಲಿ. ಗಂಡಸರು ಮಾತ್ರ ಅಲ್ಲ, ಚಳಿಗೆ ಮಳೆಗೆ ಹೆಂಗಸರೂ ಒಂದಿಷ್ಟು ಹಾಕುತ್ತಾರೆ, ಬಸುರಿಯಾದರೂ. ಯಾರೂ ಬೇಡ ಅಂತ ಹೇಳಿದವರಿಲ್ಲ. ಬಾಣಂತಿಗೆ ಮೈ ಬೆಚ್ಚಗಿರಲಿ ಅಂತ ಬ್ರಾಂದಿ ಕೊಡುವ ಮನೆಗಳೂ ಇವೆ.

ಗಣಿತಮೇಷ್ಟ್ರು

2007ರಲ್ಲಿ ಸಾರಾಯಿ ನಿಲ್ಲಿಸಿದರಲ್ಲ ನಮ್ಮ ರಾಜ್ಯದಲ್ಲಿ. ಪ್ಯಾಕೆಟ್ ಹೋಯಿತು, ಕ್ವಾರ್ಟರ್ ಬಂತು. ಕುಡಿಯುವವರು ಕಡಿಮೆಯಾದದ್ದು ನಾನಂತೂ ಕಾಣೆ.

ಖಾರಾಬೂಂದಿ

ಕಡಿಮೆ ಆಗಿದೆ ಮೇಷ್ಟ್ರೇ, ನಮ್ಮೂರಲ್ಲಿ ಆಗಿದೆ. ಬೆಳಗ್ಗೆ ಆರಕ್ಕೇ ಸಾರಾಯಿ ಅಂಗಡಿ ಮುಂದೆ ಸಾಲು ನಿಲ್ಲುವುದು ನಿಂತಿದೆ.

ನೇಸರು

ಸಾರಾಯಿ ಚರ್ಚೆ ಬೇರೆ ಕಡೆ ಮಾಡೋಣವೇ? ಹಾಸನದವರು ಕೇಳಿದ್ದು ಹುಡುಗನ ಬಗ್ಗೆ.

ನಾನು ಓದಿದ್ದು, ಎಫ್‌ಎಎಸ್‌ಡಿ ಇರುವವರ ಸರಾಸರಿ ಆಯಸ್ಸೇ 34 ವರ್ಷವಂತೆ. ನಿಜವೇ? ಓದಿ ರಾತ್ರಿ ನಿದ್ದೆ ಬರಲಿಲ್ಲ.

ಎಡ್ಮಂಟನ್_ಅಕ್ಕ

ಆ ಲೆಕ್ಕ ಬಂದಿದ್ದು ನಮ್ಮ ಆಲ್ಬರ್ಟಾದಿಂದ, 2016ರಲ್ಲಿ. ಆದರೆ ಅದು ಎಫ್‌ಎಎಸ್ ಅಂತ ಆಸ್ಪತ್ರೆ ದಾಖಲೆಯಲ್ಲಿ ಬರೆಸಿಕೊಂಡವರದ್ದು ಮಾತ್ರ, ಅಂದರೆ ತುಂಬಾ ಕಷ್ಟದಲ್ಲಿದ್ದವರದ್ದು. ಎಫ್‌ಎಎಸ್‌ಡಿ ಇರುವ ಎಲ್ಲರಿಗೂ ಹಾಕಬೇಡಿ. ನನ್ನ ಹತ್ತಿರ ಬರುವ ಒಬ್ಬರಿಗೆ ಐವತ್ತೆಂಟು. ಆ ಸುದ್ದಿ ಫೋನಲ್ಲಿ ಓದಿ "ನಾನು ಯಾವಾಗಲೋ ಸತ್ತಿರಬೇಕಿತ್ತಾ" ಅಂತ ನನ್ನನ್ನೇ ಕೇಳಿದರು. ಇಂಥ ಅಂಕಿ ಹಂಚುವ ಮುಂಚೆ ಯಾರು ಓದುತ್ತಾರೆ ಅಂತ ಯೋಚಿಸಬೇಕು. ಆ ಲೆಕ್ಕದಲ್ಲೂ ಸಾವಿಗೆ ಎಲ್ಲಕ್ಕಿಂತ ದೊಡ್ಡ ಕಾರಣ ಆತ್ಮಹತ್ಯೆ, ಅಪಘಾತ, ಇಂಥವು. ತಡೆಯಬಹುದಾದವು.

ಕರಾವಳಿ_ವಕೀಲ

ಸಿಯಾಟಲ್‌ನಲ್ಲಿ ಆನ್ ಸ್ಟ್ರೈಸ್‌ಗತ್ ಅವರು 1996ರಲ್ಲಿ 415 ಜನರ ಬಗ್ಗೆ ವರದಿ ಕೊಟ್ಟರು. ಹನ್ನೆರಡು ದಾಟಿದವರಲ್ಲಿ ನೂರಕ್ಕೆ 60 ಜನ ಪೊಲೀಸ್ ಕೋರ್ಟು ಅಂತ ಸಿಕ್ಕಿಹಾಕಿಕೊಂಡಿದ್ದರು. ಚಿಕ್ಕಂದಿನಲ್ಲೇ ಗೊತ್ತಾದವರು, ಒಂದೇ ಮನೆಯಲ್ಲಿ ನೆಮ್ಮದಿಯಾಗಿ ಬೆಳೆದವರು ಎಷ್ಟೋ ವಾಸಿ ಇದ್ದರು. ಜಾಮೀನಿನ ಷರತ್ತು ನೋಡಿ: ಇಂಥ ದಿನ ಇಷ್ಟು ಗಂಟೆಗೆ ಠಾಣೆಗೆ ಬಾ, ಇಂಥವನನ್ನು ನೋಡಬೇಡ, ಆ ಬೀದಿಗೆ ಹೋಗಬೇಡ. ಇಂಥ ಹುಡುಗನಿಗೆ ಗಡಿಯಾರವೇ ಓದಲು ಬರುವುದಿಲ್ಲ. ಮೊದಲ ತಪ್ಪು ಒಂದು ಚಾಕೊಲೇಟ್ ಕದ್ದದ್ದು, ಜೈಲಿಗೆ ಹೋಗುವುದು ಷರತ್ತು ಮುರಿದದ್ದಕ್ಕೆ. ಇನ್ನೂ ಒಂದು, ಪೊಲೀಸರು ನಾಲ್ಕು ಸಲ "ನೀನೇ ಮಾಡಿದ್ದಲ್ವಾ" ಅಂದರೆ "ಹೌದು" ಅಂದುಬಿಡುತ್ತಾರೆ. ಎದುರಿಗಿರುವವರನ್ನು ಖುಷಿಪಡಿಸಲು.

ಹಿಮದೂರಿನ_ಹಾಸನದವಳು

ಇದು ನೂರಕ್ಕೆ ನೂರು ನಿಜ. ನೆನಪಿಲ್ಲದ ಕಡೆ ತಲೆಗೆ ತೋಚಿದ್ದನ್ನು ತುಂಬುತ್ತಾರೆ. ನಾವು ಸುಳ್ಳು ಅನ್ನುತ್ತೇವೆ. ಅವರಿಗೆ ಅದು ನೆನಪೇ.

ಇನ್ನೊಂದು ಸಂಕಟ ಐಕ್ಯೂ. ಕೆಲವು ಪ್ರಾಂತ್ಯಗಳಲ್ಲಿ ಐಕ್ಯೂ 70ಕ್ಕಿಂತ ಕೆಳಗಿದ್ದರೆ ಮಾತ್ರ ಬುದ್ಧಿಮಾಂದ್ಯರ ಸವಲತ್ತು. ನಮ್ಮವನದು 84. ಬಸ್ಸಿನ ಚಿಲ್ಲರೆ ಎಣಿಸಲು ಆಗುವುದಿಲ್ಲ, ಆದರೂ ಪರೀಕ್ಷೆಯಲ್ಲಿ ಪಾಸ್. ಒಂದು ಕಚೇರಿಯಲ್ಲಿ ನನ್ನ ಮುಂದೆಯೇ ಹೇಳಿದರು, "ಚೆನ್ನಾಗಿ ಮಾತಾಡುತ್ತಾನಲ್ಲ, ಇವನಿಗೇನಾಗಿದೆ?"

ಎಡ್ಮಂಟನ್_ಅಕ್ಕ

ಬ್ರಿಟಿಷ್ ಕೊಲಂಬಿಯಾದಲ್ಲಿ 2010ರಿಂದ ಅದನ್ನು ಸರಿ ಮಾಡಿದ್ದಾರೆ. ಎಫ್‌ಎಎಸ್‌ಡಿ ಅಥವಾ ಆಟಿಸಂ ಇದ್ದು, ದಿನದ ಬದುಕು ನಡೆಸುವುದು ತುಂಬಾ ಕಷ್ಟ ಅಂತ ತೋರಿಸಿದರೆ ಐಕ್ಯೂ 70 ದಾಟಿದ್ದರೂ ನೆರವು ಸಿಗುತ್ತದೆ. ಎಲ್ಲ ಕಡೆ ಹಾಗೇ ಆಗಬೇಕು.

ಗಣಿತಮೇಷ್ಟ್ರು

ಎರಡು ದಿನದಿಂದ ಓದುತ್ತಿದ್ದೇನೆ, ಏನೂ ಬರೆಯಲಿಲ್ಲ. ಈಗ ಒಂದು ಹೇಳಬೇಕು.

ನನ್ನ ಹತ್ತಿರ ಒಬ್ಬ ಹುಡುಗ ಇದ್ದ, ಐದನೇ ಕ್ಲಾಸ್. ಬೆಳಗ್ಗೆ ಏಳರ ಮಗ್ಗಿ ಸರಾಗ ಹೇಳುತ್ತಿದ್ದ. ಊಟದ ಬೆಲ್ ಆಗಿ ಬಂದರೆ ಏಳೆರಡು ಹದಿನಾಲ್ಕೂ ಇಲ್ಲ. ನನಗೆ ಅದು ಮೈಗಳ್ಳತನ ಅನಿಸುತ್ತಿತ್ತು. ಬೆಳಗ್ಗೆ ಬಂದದ್ದು ಮಧ್ಯಾಹ್ನ ಎಲ್ಲಿ ಹೋಯಿತು ಅಂತ ಕೇಳುತ್ತಿದ್ದೆ, ರೂಲರ್ ಹಿಡಿದು. ಅವನು ಕೈ ಚಾಚಿ ನಿಲ್ಲುತ್ತಿದ್ದ. ಅಳುತ್ತಿರಲಿಲ್ಲ. ಒಂದು ದಿನ "ಸಾರ್, ಬೆಳಗ್ಗೆ ಇತ್ತು ಸಾರ್" ಅಂದ. ಅಷ್ಟೇ. ಆರನೇ ಕ್ಲಾಸಿಗೆ ಬರಲಿಲ್ಲ. ಆಮೇಲೆ ಬಸ್‌ಸ್ಟ್ಯಾಂಡಿನಲ್ಲಿ ಮಲಗುತ್ತಾನೆ ಅಂತ ಯಾರೋ ಹೇಳಿದರು. ಒಂದು ಸಲ ನಾನೂ ನೋಡಿದೆ. ಮಾತಾಡಿಸಲಿಲ್ಲ.

ಅವನ ಮನೆಯಲ್ಲಿ ಏನಿತ್ತು ನನಗೆ ತಿಳಿಯದು. ನಾನು ಮೊದಲು ಬರೆದ "ಉಡಾಫೆ" ಅನ್ನುವ ಮಾತು ಹಿಂದೆ ತೆಗೆದುಕೊಳ್ಳುತ್ತೇನೆ.

ಮಕ್ಕಳಡಾಕ್ಟರ್_ಮೈಸೂರು

ಮೇಷ್ಟ್ರೇ, ಅವನಿಗೆ ಏನಿತ್ತು ಅಂತ ಇಲ್ಲಿ ಕೂತು ನಾವು ಹೇಳಬಾರದು. ಕಲಿಕೆಯ ತೊಂದರೆ, ಫಿಟ್ಸ್, ಹಸಿವು, ಯಾವುದೂ ಇರಬಹುದು. ಆದರೆ "ಬೆಳಗ್ಗೆ ಇತ್ತು" ಅನ್ನುವುದನ್ನು ನನ್ನ ಓಪಿಡಿಯಲ್ಲಿ ಎಷ್ಟೋ ತಾಯಂದಿರು ಹೇಳುತ್ತಾರೆ. ನೀವು ಬರೆದದ್ದು ಒಳ್ಳೆಯದಾಯಿತು.

ಲಾಲ್‌ಬಾಗ್_ನಡಿಗೆ

ನಾನು ಬೆಂಗಳೂರಿನ ಒಂದು ರಾತ್ರಿ ಆಶ್ರಯದಲ್ಲಿ ವಾರಕ್ಕೆ ಎರಡು ದಿನ ಸ್ವಯಂಸೇವಕಿ. ನಮ್ಮಲ್ಲಿ ಯಾರಿಗೂ ಈ ಹೆಸರಿನ ಚೀಟಿ ಇಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆ ಇವೆ, ಇದರ ಹೆಸರು ಅದರಲ್ಲಿಲ್ಲ. ಲಕ್ಷ ಜನಕ್ಕೆ ಒಂದು ಆಶ್ರಯ ಇರಬೇಕು ಅಂತ 2010ರಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತು. ಅಷ್ಟು ಎಲ್ಲಿವೆ? ಆಸ್ತಿ ತೆರಿಗೆ ಕಟ್ಟುವಾಗ ಅದರ ಮೇಲೆ 3% ಭಿಕ್ಷುಕರ ಕರ ಅಂತ ನಾವೆಲ್ಲ ಕಟ್ಟುತ್ತೇವೆ, 1975ರ ಕಾಯ್ದೆ ಪ್ರಕಾರ. ಎಷ್ಟು ಜನಕ್ಕೆ ಗೊತ್ತು?

ಚೀಟಿ ಇಲ್ಲದಿದ್ದರೂ ಅಕ್ಕ ಹೇಳಿದ ಥರದವರು ಇದ್ದಾರೆ. ಒಬ್ಬ ಹೆಂಗಸಿಗೆ ದಿನಾ ರಾತ್ರಿ ಬಾತ್‌ರೂಮ್ ಎಲ್ಲಿ ಅಂತ ತೋರಿಸಬೇಕು. ಕಾರಣ ಏನೇ ಇರಲಿ, ಈ ಉಪಾಯ ಮಾಡಿದರೆ ನಷ್ಟ ಏನೂ ಇಲ್ಲ ಅಲ್ವಾ?

ಎಡ್ಮಂಟನ್_ಅಕ್ಕ

ನಷ್ಟವೇ ಇಲ್ಲ. ತಲೆಗೆ ಪೆಟ್ಟಾದವರಿಗೆ, ವಯಸ್ಸಾದವರಿಗೆ, ಎಲ್ಲರಿಗೂ ಆಗುತ್ತದೆ. ಚೀಟಿ ಬರುವವರೆಗೆ ಕಾಯಬೇಡಿ.

ಖಾರಾಬೂಂದಿ

ಒಂದು ನಿಜವಾದ ಪ್ರಶ್ನೆ. ಇಷ್ಟೆಲ್ಲ ಮಾಡುವ ಬದಲು ಒಂದು ರೂಮು ಕೊಟ್ಟುಬಿಟ್ಟರೆ ಮುಗಿಯಿತಲ್ಲ?

ಹಿಮದೂರಿನ_ಹಾಸನದವಳು

ಅದೇ ಹೌಸಿಂಗ್ ಫಸ್ಟ್. ಮೊದಲು ಮನೆ, ಕುಡಿತ ಬಿಡು, ಔಷಧಿ ತಗೋ ಅನ್ನುವುದೆಲ್ಲ ಆಮೇಲೆ. 1992ರಲ್ಲಿ ನ್ಯೂಯಾರ್ಕ್‌ನಲ್ಲಿ ಶುರುವಾಗಿದ್ದು. ಇಲ್ಲಿ 2009ರಿಂದ 2013ರವರೆಗೆ ಐದು ಊರುಗಳಲ್ಲಿ ಪರೀಕ್ಷೆ ಮಾಡಿದರು, ವಿನ್ನಿಪೆಗ್ ಕೂಡ ಒಂದು. ಕೊನೆಯ ಆರು ತಿಂಗಳು ನೋಡಿದರೆ, ಹೀಗೆ ಮನೆ ಸಿಕ್ಕವರಲ್ಲಿ ನೂರಕ್ಕೆ 62 ಜನ ಅಷ್ಟೂ ದಿನ ಮನೆಯಲ್ಲೇ ಇದ್ದರು. ಮಾಮೂಲಿ ದಾರಿಯಲ್ಲಿ ಹೋದವರಲ್ಲಿ 31.

ಎಡ್ಮಂಟನ್_ಅಕ್ಕ

ಮನೆ ಬೇಕೇ ಬೇಕು. ಆದರೆ ಬೀಗದ ಕೈ ಕೊಟ್ಟು ವಾರಕ್ಕೊಂದು ಸಲ ಬಂದು ಹೋದರೆ ನಮ್ಮವರಿಗೆ ಆಗುವುದಿಲ್ಲ. ಯಾಕೆ ಅಂತ ಹೇಳುತ್ತೇನೆ. ಒಬ್ಬಳಿಗೆ ಚೆಂದದ ರೂಮು ಸಿಕ್ಕಿತು. ಎರಡನೇ ವಾರ ಗೆಳೆಯರು ಬಂದರು. "ನಾವು ಫ್ರೆಂಡ್ಸ್ ಅಲ್ವಾ, ಒಂದು ರಾತ್ರಿ" ಅಂದರು. ಇವಳಿಗೆ ಬೇಡ ಅನ್ನಲು ಬರುವುದಿಲ್ಲ. ಮೂರನೇ ವಾರ ಅವರು ಮಂಚದ ಮೇಲೆ, ಇವಳು ಬಾತ್‌ಟಬ್‌ನಲ್ಲಿ ಕಂಬಳಿ ಹಾಸಿ ಮಲಗಿದ್ದಳು. ಗಲಾಟೆ ಆಯಿತು, ಮನೆ ಮಾಲೀಕ ಹೊರಗೆ ಹಾಕಿದ್ದು ಇವಳನ್ನೇ, ರೂಮು ಇದ್ದದ್ದು ಇವಳ ಹೆಸರಿನಲ್ಲಿ ಅಲ್ಲವೇ. ಅದಕ್ಕೇ ಬಾಗಿಲಲ್ಲಿ ಇಪ್ಪತ್ನಾಲ್ಕು ಗಂಟೆ ಯಾರಾದರೂ ಇರಬೇಕು, ಅವಳ ಬದಲಿಗೆ "ಇಲ್ಲ" ಅನ್ನಲು. ಎಡ್ಮಂಟನ್‌ನ ಹೋಪ್ ಟೆರೇಸ್ ಅನ್ನುವ ಕಟ್ಟಡವನ್ನು ಎಫ್‌ಎಎಸ್‌ಡಿ ಇರುವವರಿಗಾಗಿಯೇ ಮಾಡಿದ್ದಾರೆ. ಇನ್ನಷ್ಟು ಬೇಕು.

"ಸ್ವತಂತ್ರವಾಗಿ ಬದುಕಬೇಕು" ಅನ್ನುವ ಗುರಿ ಇಟ್ಟರೆ ಇವರು ದಿನಾ ಸೋಲುತ್ತಾರೆ. ನಮ್ಮಲ್ಲಿ "ಹೊರಗಿನ ಮೆದುಳು" ಅನ್ನುತ್ತೇವೆ. ಯಾರೋ ಒಬ್ಬರು ಪಕ್ಕದಲ್ಲಿದ್ದು ನೆನಪಿಸುವವರು. ಕನ್ನಡಕ ಹಾಕಿದವನಿಗೆ ತೆಗೆದು ಓದುವುದನ್ನು ಕಲಿ ಅಂತ ಯಾರು ಹೇಳುತ್ತಾರೆ?

ಕಾಫಿತೋಟ

ನಮ್ಮ ಊರಿನ ಕೂಡು ಮನೆಗಳಲ್ಲಿ ಹೀಗೇ ಒಬ್ಬರು ಇರುತ್ತಿದ್ದರು. ನಮ್ಮ ದೊಡ್ಡಪ್ಪ ಒಬ್ಬರು ಹಾಗೆ. ಲೆಕ್ಕ ಬರುತ್ತಿರಲಿಲ್ಲ. ಸಂತೆಗೆ ಹೋದರೆ ಜತೆಗೆ ಅಜ್ಜಿ ಯಾವುದಾದರೂ ಹುಡುಗನನ್ನು ಕಳಿಸುತ್ತಿದ್ದರು. ಯಾರೂ ಅದಕ್ಕೊಂದು ಹೆಸರು ಇಟ್ಟಿರಲಿಲ್ಲ.

ಹಿಮದೂರಿನ_ಹಾಸನದವಳು

ಹೊಸ ಸುದ್ದಿ ಹೇಳುತ್ತೇನೆ. ನಮ್ಮ ಮೇಲಿನವರ ಜತೆ ಕೂತು ಮಾತಾಡಿದೆ. ಇವನ ಮಟ್ಟಿಗೆ ಏಳು ದಿನದ ಶಿಕ್ಷೆ ತೆಗೆದಿದ್ದಾರೆ, ಹಾಸಿಗೆ ಹತ್ತರವರೆಗೆ ಹಿಡಿದಿಡುತ್ತಾರೆ. ಮೂಲೆಯ ಹಾಸಿಗೆ ಕೊಟ್ಟೆವು. ಅವನ ಫೋನಿನಲ್ಲಿ ಏಳೂವರೆಗೆ ಅಲಾರಂ ಇಟ್ಟೆವು, ಅವನದೇ ದನಿಯಲ್ಲಿ "ಈಗ ಬಸ್ ಹತ್ತು" ಅಂತ.

ಮೊದಲ ರಾತ್ರಿ ಎಂಟೂ ಹತ್ತಕ್ಕೆ ಬಂದ. ಎರಡನೇ ರಾತ್ರಿಯೂ ಬಂದ. ಮೂರನೇ ರಾತ್ರಿ ಬರಲಿಲ್ಲ. ಫೋನ್ ಯಾರೋ ಕೇಳಿದರಂತೆ, ಕೊಟ್ಟುಬಿಟ್ಟಿದ್ದಾನೆ. ಅಲಾರಂ ಬೇರೆಯವರ ಜೇಬಿನಲ್ಲಿ ಹೊಡೆದುಕೊಂಡಿದೆ! ಈಗ ಅವನು ಸಂಜೆ ಕೂರುವ ಲೈಬ್ರರಿಯ ಕಾವಲುಗಾರರ ಹತ್ತಿರ ಕೇಳಿಕೊಂಡಿದ್ದೇನೆ. ಏಳೂವರೆಗೆ ಅವನ ಭುಜ ಮುಟ್ಟಿ "ಬಸ್" ಅಂತ ಒಂದೇ ಮಾತು ಹೇಳುತ್ತಾರೆ. ನಾಲ್ಕು ದಿನದಿಂದ ತಪ್ಪಿಲ್ಲ. ಅವರಿಗೆ ರಜೆ ಇದ್ದ ದಿನ ಏನು ಅಂತ ಇನ್ನೂ ಯೋಚಿಸಬೇಕು.

ಗಣಿತಮೇಷ್ಟ್ರು

ಲೈಬ್ರರಿ ಮುಚ್ಚುವ ದಿನ ಯಾವುದು ಅಂತ ಮೊದಲೇ ಪಟ್ಟಿ ಮಾಡಿಟ್ಟುಕೊಳ್ಳಿ ತಾಯೀ. ಹಬ್ಬದ ರಜೆಗಳನ್ನೂ ಸೇರಿಸಿ.

ಲಾಲ್‌ಬಾಗ್_ನಡಿಗೆ

ಹಾಸನದವರೇ, ಹಾಸಿಗೆ ಹತ್ತಿರ ಚಿತ್ರದ ಕಾರ್ಡ್ ಏನಾದರೂ ಹಾಕಿದ್ದೀರಾ? ನಮ್ಮ ಆ ಹೆಂಗಸಿಗೆ ಕನ್ನಡ ಓದಲು ಬರುತ್ತದೆ. ಹಾಕೋಣ ಅಂತ. "ಬಾತ್‌ರೂಮ್ ಹೊರಗೆ ಎಡಕ್ಕೆ ಇದೆ, ಬೇಗ ಹೋಗಿ ಬನ್ನಿ, ಬೇರೆಯವರಿಗೆ ತೊಂದರೆ ಕೊಡಬೇಡಿ" ಅಂತ ಬರೆದಿದ್ದೇನೆ. ಸರಿ ಇದೆಯಾ?

ಎಡ್ಮಂಟನ್_ಅಕ್ಕ

ತಿದ್ದುತ್ತೇನೆ, ಬೇಸರ ಬೇಡ. "ಬೇಗ" ಅಂದರೆ ಎಷ್ಟು ಅಂತ ಗೊತ್ತಾಗುವುದಿಲ್ಲ, ತೆಗೆಯಿರಿ. "ತೊಂದರೆ" ಅಂದರೆ ಏನು ಅಂತಲೂ ಗೊತ್ತಾಗುವುದಿಲ್ಲ. "ಎಡಕ್ಕೆ" ಬೇಡ, ಬಾಗಿಲಿಗೆ ಬಣ್ಣ ಹಚ್ಚಿ. ಒಂದೊಂದು ಸಾಲಿಗೆ ಒಂದೊಂದು ಚಿತ್ರ.

ಚಪ್ಪಲಿ ಹಾಕು.
ಹಸಿರು ಬಾಗಿಲಿಗೆ ಹೋಗು.
ಕೈ ತೊಳೆ.
ನಿನ್ನ ಹಾಸಿಗೆಗೆ ಬಾ.

ಲಾಲ್‌ಬಾಗ್_ನಡಿಗೆ

ನಾಳೆ ಹಸಿರು ಬಣ್ಣ ತರುತ್ತೇನೆ. ಅವರ ಹಾಸಿಗೆಗೂ ಒಂದು ಗುರುತು ಬೇಕಲ್ಲ? ಅದಕ್ಕೂ ಹಸಿರು ಬಟ್ಟೆಯೇ ಕಟ್ಟಲೇ?

ಎಡ್ಮಂಟನ್_ಅಕ್ಕ

ಬೇಡ, ಅದಕ್ಕೆ ಬೇರೆ ಬಣ್ಣ. ಯಾವುದು ಅಂತ ಅವರನ್ನೇ ಕೇಳಿ.